ಅಥವಾ ಬೇರೆ ಯಾವುದೋ ದೋಷ

ಲಿನಕ್ಸ್ ಬಳಸುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ವಾಕ್ಯವೊಂದಿದೆ. ಹಾರ್ಡ್ ಡಿಸ್ಕನ್ನೋ ಪೆನ್‌ಡ್ರೈವನ್ನೋ ಚುಚ್ಚಿ, ಪರದೆಯ ಮೇಲೆ ಮೂಡಿದ ಅದರ ಚಿತ್ರವನ್ನು ಎರಡು ಸಲ ಒತ್ತಿದರೆ, ಫೋಲ್ಡರುಗಳು ತೆರೆದುಕೊಳ್ಳುವ ಬದಲು ಬೂದು ಬಣ್ಣದ ಪೆಟ್ಟಿಗೆಯೊಂದು ಬಂದು ನಿಲ್ಲುತ್ತದೆ. ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್, ಮಿಸ್ಸಿಂಗ್ ಕೋಡ್‌ಪೇಜ್ ಆರ್ ಹೆಲ್ಪರ್ ಪ್ರೋಗ್ರಾಮ್, ಆರ್ ಅದರ್ ಎರರ್.’ ಕನ್ನಡದಲ್ಲಿ ಹೇಳುವುದಾದರೆ, ಡಿಸ್ಕಿನೊಳಗಿನ ಕಡತ ವ್ಯವಸ್ಥೆಯ ಬಗೆ ತಪ್ಪಿರಬಹುದು, ಕೊಟ್ಟ ಆಯ್ಕೆ ಸರಿಯಿಲ್ಲದಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಕೋಡ್‌ಪೇಜ್ ಇಲ್ಲದಿರಬಹುದು, ಸಹಾಯಕ ಪ್ರೋಗ್ರಾಮ್ ಇಲ್ಲದಿರಬಹುದು, ಅಥವಾ ಬೇರೆ ಯಾವುದೋ ದೋಷವಿರಬಹುದು.

ಆ ಕೊನೆಯ ತುಂಡನ್ನು ಓದಿದಾಗಲೆಲ್ಲ ನನಗೆ ಬಸ್ಸಿಗೆ ಕಾದು ಕುಳಿತವರ ಮಾತು ನೆನಪಾಗುತ್ತದೆ. ಬಸ್ಸು ಯಾಕೆ ಬರಲಿಲ್ಲವೆಂದು ಪಕ್ಕದವರನ್ನು ಕೇಳಿ ನೋಡಿ. ಟೈರ್ ಪಂಚರ್ ಆಗಿರಬೇಕು, ಸಸ್ತಾಪುರ ಬಂಗ್ಲಾದ ಹತ್ತಿರ ಗಾಡಿ ನಿಂತಿರಬೇಕು, ಹೆದ್ದಾರಿ ಮೇಲೆ ಏನೋ ಆಗಿರಬೇಕು, ಇಲ್ಲಾಂದ್ರ ಬ್ಯಾರೆ ಏನರ ಇರಬೇಕು. ಹೇಳುವವರು ಸುಳ್ಳುಗಾರರಲ್ಲ. ಅವರು ಬಸ್ಸಿನಲ್ಲಿಲ್ಲ, ಅಷ್ಟೇ.

ನಾನು ಕಂಪ್ಯೂಟರ್ ಓದಿದವನಲ್ಲ. ಹುಮನಾಬಾದಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ, ಮನೆ ಬಸವಕಲ್ಯಾಣದಲ್ಲಿ. ಹತ್ತು ವರ್ಷದ ಹಿಂದೆ ಹಳೆಯ ಲ್ಯಾಪ್‌ಟಾಪನ್ನು ಬಿಸಾಡಲು ಮನಸ್ಸು ಬಾರದೆ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಅಂದಿನಿಂದ ‘ಅವ್ರಿಗಿ ಕಂಪ್ಯೂಟರ್ ಬರ್ತದ’ ಎಂಬ ಹೆಸರು ಎರಡೂ ಊರುಗಳಲ್ಲಿ ನನ್ನ ಬೆನ್ನು ಹತ್ತಿದೆ. ಹಳಗನ್ನಡ ಕಲಿತದ್ದಕ್ಕೆ ಸಿಗದ ಮರ್ಯಾದೆ ಇದಕ್ಕೆ ಸಿಗುತ್ತದೆ. ಬೇಡವೆನ್ನಲಾಗದೆ ಒಂದೊಂದೇ ಕಲಿತೆ.

ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದ ಗುರುಗಳೊಬ್ಬರು ನಿವೃತ್ತರಾದ ಮೇಲೆ ಒಂದು ಕೆಲಸ ಹಿಡಿದರು. ಮಂಠಾಳ, ರಾಜೇಶ್ವರ, ಮುಡಬಿ, ಹಳ್ಳಿಖೇಡ, ದುಬಲಗುಂಡಿ ಎಂದು ಬಸವಕಲ್ಯಾಣ ಮತ್ತು ಹುಮನಾಬಾದ ಸುತ್ತಲಿನ ಊರುಗಳಿಗೆ ಹೋಗಿ, ವಯಸ್ಸಾದ ಹೆಣ್ಣುಮಕ್ಕಳನ್ನು ಕೂರಿಸಿ ಬೀಸುಕಲ್ಲಿನ ಪದ, ತೊಟ್ಟಿಲ ಪದ ಹಾಡಿಸುವುದು; ಗಂಡಸರಿಂದ ತತ್ವಪದ, ಮೊಹರಂ ಪದ ಹಾಡಿಸುವುದು; ಸಣ್ಣದೊಂದು ರೆಕಾರ್ಡರಿನಲ್ಲಿ ಹಿಡಿದಿಡುವುದು. ಹದಿನಾಲ್ಕು ವರ್ಷದ ಕೆಲಸ. ಯಾವ ಸಂಸ್ಥೆಯ ದುಡ್ಡೂ ಇಲ್ಲ, ಯೋಜನೆಯೂ ಇಲ್ಲ. ಎಲ್ಲವೂ ಒಂದು ಟಿಬಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿತ್ತು. ಹಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಿಲ್ಲ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತಲ್ಲ, ಗುರುಗಳ ಮನೆಯ ಯಂತ್ರ 11ನ್ನು ಹೊರುವಷ್ಟು ಹೊಸದಲ್ಲ. ಪುಣೆಯಲ್ಲಿರುವ ಮಗ ದೀಪಾವಳಿಗೆ ಬಂದವನು ಅದಕ್ಕೆ ಮಿಂಟ್ 22 ಹಾಕಿಕೊಟ್ಟು ಹೋಗಿದ್ದ. ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೆ ಮೊಮ್ಮಗನೊಬ್ಬ ತನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಆ ಡಿಸ್ಕ್ ಹಚ್ಚಿ, ಮದುವೆಯ ಫೋಟೋ ತುಂಬಿ, ಊರಿಗೆ ಹೊರಡುವ ಗಡಿಬಿಡಿಯಲ್ಲಿ ವೈರು ಕಿತ್ತು ಕೊಟ್ಟಿದ್ದ. ಮರುದಿನ ಗುರುಗಳ ಪರದೆಯ ಮೇಲೆ ಆ ಬೂದು ಪೆಟ್ಟಿಗೆ.

ಅವರು ಅದನ್ನು ಫೋಟೋ ಹೊಡೆಯಲಿಲ್ಲ. ಒಂದು ಹಾಳೆಯಲ್ಲಿ, ತಮ್ಮ ದುಂಡಗಿನ ಕೈಬರಹದಲ್ಲಿ, ಇಡೀ ವಾಕ್ಯವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡರು. ಪೇಟೆಯ ಅಂಗಡಿಯೊಂದಕ್ಕೆ ಡಿಸ್ಕನ್ನೂ ಹಾಳೆಯನ್ನೂ ಒಯ್ದರು. ಅಲ್ಲಿನ ಹುಡುಗ ಹಾಳೆ ಓದಿ ಹೇಳಿದ್ದು ಎರಡು ಮಾತು. ಸೂಪರ್‌ಬ್ಲಾಕ್ ಹೋಗ್ಯಾದ, ಫಾರ್ಮ್ಯಾಟ್ ಮಾಡ್ಬೇಕು. ಮತ್ತ ಕೋಡ್‌ಪೇಜ್ ಮಿಸ್ಸಿಂಗ್ ಅಂತದ, ನೀವು ಫೈಲಿಗೆ ಕನ್ನಡದಾಗ ಹೆಸರು ಇಟ್ಟೀರಿ, ಅದಕ್ಕ ಹಿಂಗಾಗ್ಯಾದ.

ಆ ಹುಡುಗನನ್ನು ದೂರುವಂತಿಲ್ಲ. ಹಾಳೆಯಲ್ಲಿ ಬರೆದದ್ದನ್ನೇ ಅವನು ಓದಿ ಹೇಳಿದ್ದ.

ಗುರುಗಳು ನಮ್ಮ ಮನೆಗೆ ಬಂದಾಗ ಡಿಸ್ಕ್ ಹೋದದ್ದಕ್ಕಿಂತ ಹೆಚ್ಚಾಗಿ ಎರಡನೆಯ ಮಾತು ಅವರನ್ನು ಕೊರೆಯುತ್ತಿತ್ತು.

‘ತಮ್ಮಾ, ನಾ ಕನ್ನಡದಾಗ ಹೆಸರು ಇಟ್ಟಿದ್ದೇ ತಪ್ಪಾಯ್ತೇನೋ? ಇಂಗ್ಲಿಷ್‌ನಾಗ ಬರದಿದ್ರ ಉಳೀತಿತ್ತೇನು?’

‘ಹಂಗಿಲ್ರಿ ಸರ್. ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ.’

‘ಮತ್ತ ಇಲ್ಲಿ ಹೇಳ್ಲತ್ತದಲ್ಲ?’ ಎಂದು ಹಾಳೆ ಮುಂದಿಟ್ಟರು.

ಇಲ್ಲಿ ಸ್ವಲ್ಪ ನಿಂತು, ಆ ವಾಕ್ಯ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕು. ವಿಂಡೋಸಿನಲ್ಲಿ ಪ್ರತಿ ಡಿಸ್ಕಿಗೂ ಒಂದೊಂದು ಅಕ್ಷರ ಉಂಟು, ಸಿ, ಡಿ, ಇ ಎಂದು, ಸಾಲಾಗಿ ನಿಂತ ಬೇರೆ ಬೇರೆ ಮನೆಗಳ ಹಾಗೆ. ಯುನಿಕ್ಸ್ ವಂಶದ ಯಂತ್ರಗಳಲ್ಲಿ ಹಾಗಿಲ್ಲ. ಇಡೀ ಯಂತ್ರಕ್ಕೆ ಒಂದೇ ಮರ, ಒಂದೇ ಬೇರು. ಹೊಸ ಡಿಸ್ಕ್ ಬಂದರೆ ಅದರೊಳಗಿನ ಪುಟ್ಟ ಮರವನ್ನು ಈ ದೊಡ್ಡ ಮರದ ಯಾವುದೋ ಕೊಂಬೆಗೆ ಕೂಡಿಸಬೇಕು, ಮಾವಿಗೆ ಕಸಿ ಕಟ್ಟಿದಂತೆ. ಇದಕ್ಕೆ ‘ಮೌಂಟ್’ ಎನ್ನುತ್ತಾರೆ. ಟೇಪಿನ ಸುರುಳಿಗಳನ್ನೂ ಡಿಸ್ಕಿನ ದಪ್ಪ ಕಟ್ಟುಗಳನ್ನೂ ಕೈಯಿಂದಲೇ ಎತ್ತಿ ಯಂತ್ರದ ಮೇಲೆ ಏರಿಸುತ್ತಿದ್ದ ಕಾಲದ ಪದ ಅದು. ಏರಿಸುವ ಕೈ ಹೋಯಿತು, ಮಾತು ಉಳಿಯಿತು.

ಕಸಿ ಕಟ್ಟುವುದು ಕರ್ನೆಲ್, ಅಂದರೆ ಎಲ್ಲದರ ಅಡಿಯಲ್ಲಿ ಕುಳಿತು ಯಂತ್ರವನ್ನು ಮುಟ್ಟುವ ತಿರುಳು. ಡಿಸ್ಕನ್ನು ಓದುವುದು ಅದೊಂದೇ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂದು ಕಾಣುವುದೂ ಅದಕ್ಕೇ. ಕಟ್ಟಿಕೊಡು ಎಂದು ಅದನ್ನು ಕೇಳುವುದು ಮಾತ್ರ ‘ಮೌಂಟ್’ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಮ್. ಆಗದಿದ್ದರೆ ಕರ್ನೆಲ್ ಅದಕ್ಕೆ ವಿವರ ಹೇಳುವುದಿಲ್ಲ, ಒಂದು ಸಂಖ್ಯೆಯನ್ನು ಕೊಡುತ್ತದೆ. ನಮ್ಮ ಪ್ರಸಂಗದಲ್ಲಿ ಆ ಸಂಖ್ಯೆ 22. ಅದರ ಅರ್ಥ ‘ಕೇಳಿದ್ದು ಒಪ್ಪುವಂಥದ್ದಲ್ಲ’ ಎಂಬಷ್ಟೇ. ಕಡತ ವ್ಯವಸ್ಥೆ ಬೇರೆಯಾಗಿದ್ದರೂ 22, ಆಯ್ಕೆ ತಪ್ಪಿದ್ದರೂ 22, ಸೂಪರ್‌ಬ್ಲಾಕ್ ಓದಲು ಬಾರದಂತಿದ್ದರೂ 22. ಮೌಂಟ್ ಪ್ರೋಗ್ರಾಮ್ ಪಾಪ ಏನು ಮಾಡಬೇಕು? 22ಕ್ಕೆ ಇರಬಹುದಾದ ಕಾರಣಗಳನ್ನೆಲ್ಲ ಒಂದೇ ಉಸಿರಿಗೆ ಪಟ್ಟಿ ಮಾಡಿ, ಕೊನೆಗೆ ‘ಅಥವಾ ಬೇರೆ ಯಾವುದೋ’ ಎಂದು ಸೇರಿಸಿ ಕೈ ಮುಗಿಯುತ್ತದೆ. ಆ ಪಟ್ಟಿಯನ್ನು ನಾವು ರೋಗದ ಹೆಸರೆಂದು ಓದುತ್ತೇವೆ.

ಈ ಸಂಖ್ಯೆಯ ಪದ್ಧತಿ 1970ರ ದಶಕದ ಯುನಿಕ್ಸಿನದು. ಆಗ ಯಂತ್ರದ ನೆನಪು ಅಂಗೈಯಗಲ. ಮಾತು ಉಳಿಸುವುದೇ ಜಾಣತನ. ಅದೇ ಪದ್ಧತಿಯ ಇನ್ನೊಂದು ಫಲ ನನಗೆ ಬಲು ಇಷ್ಟ. 25ನೇ ಸಂಖ್ಯೆಗೆ ಹಳೆಯ ಯುನಿಕ್ಸಿನಲ್ಲಿದ್ದ ಅರ್ಥ ‘ಇದು ಟೈಪ್‌ರೈಟರ್ ಅಲ್ಲ’ ಎಂದು. ಕೀಲಿಮಣೆ ಜೋಡಿಸಿದ ಟರ್ಮಿನಲ್ಲಿಗೆ ಮಾತ್ರ ಮಾಡಬಹುದಾದ ಕೆಲಸವನ್ನು ಬೇರೆ ವಸ್ತುವಿಗೆ ಮಾಡ ಹೋದರೆ ಬರಬೇಕಾದ ಸಂಖ್ಯೆ. ಆದರೆ ಒಳಗೆಲ್ಲೋ ಯಾವುದೋ ತಪಾಸಣೆಯಲ್ಲಿ ಎದ್ದ ಈ 25, ಮುಂದೆ ಸಂಬಂಧವಿಲ್ಲದ ಸೋಲೊಂದಕ್ಕೆ ಅಂಟಿಕೊಂಡು ಹೊರಬರುತ್ತಿತ್ತು. ಯಾರಿಗೋ ಇ-ಮೇಲ್ ಕಳಿಸಿದವರಿಗೆ, ಪತ್ರ ತಲುಪಲಿಲ್ಲ, ಕಾರಣ ‘ಟೈಪ್‌ರೈಟರ್ ಅಲ್ಲ’ ಎಂಬ ಉತ್ತರ ಬರುತ್ತಿತ್ತು. ಪತ್ರ ಬರೆಸಿಕೊಂಡವರು ಟೈಪ್‌ರೈಟರ್ ಅಲ್ಲ ಎಂಬುದೇನೋ ನಿಜ.

ಹಾಗಾದರೆ ಕರ್ನೆಲ್ ತಾನು ಕಂಡದ್ದನ್ನು ನುಂಗಿಬಿಡುತ್ತದೆಯೇ? ಇಲ್ಲ. ಅದು ದಿನಚರಿ ಬರೆಯುತ್ತದೆ. ಟರ್ಮಿನಲ್ ತೆರೆದು ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ ಒತ್ತಿದರೆ ಆ ದಿನಚರಿ ಕಾಣುತ್ತದೆ. ಈಗಿನ ಮಿಂಟ್, ಉಬುಂಟುಗಳಲ್ಲಿ ಅದನ್ನು ಓದಲು ಮುಂದೆ ‘ಸೂಡು’ ಹಾಕಿ ಪಾಸ್‌ವರ್ಡ್ ಕೊಡಬೇಕು. ದಿನಚರಿಯಲ್ಲಿ ಕಳ್ಳರಿಗೆ ಉಪಯೋಗವಾಗುವ ಸುಳಿವುಗಳೂ ಇರುತ್ತವೆ ಎಂದು. ಹೊಸ ಮೌಂಟ್ ಪ್ರೋಗ್ರಾಮ್ ತನ್ನ ಪಟ್ಟಿಯ ಕೆಳಗೆ, ದಿನಚರಿಯಲ್ಲಿ ಹೆಚ್ಚಿನ ವಿವರ ಇರಬಹುದು ನೋಡಿ ಎಂಬ ಸಾಲನ್ನೂ ಬರೆಯುತ್ತದೆ. ಟರ್ಮಿನಲ್ಲಿನಲ್ಲಿ ಕೇಳಿದವರಿಗೆ ಅದು ಕಾಣುತ್ತದೆ. ಗುರುಗಳ ಹಾಳೆಯಲ್ಲಿ ಆ ಸಾಲಿರಲಿಲ್ಲ.

ಡಿಸ್ಕ್ ಹಚ್ಚಿದೆ. ಅದೇ ಪೆಟ್ಟಿಗೆ ಬಂತು. ದಿನಚರಿ ತೆರೆದೆ. ಕೊನೆಯಲ್ಲಿ ಎರಡೇ ಸಾಲು. ಡಿಸ್ಕಿನ ವಾಲ್ಯೂಮ್ ‘ಡರ್ಟಿ’ ಇದೆ, ‘ಫೋರ್ಸ್’ ಎಂದು ಹೇಳಿಲ್ಲ, ಎಂಬುದು ಒಂದು. ವಿಂಡೋಸಿನ ‘ಚೆಕ್‌ಡಿಸ್ಕ್’ ಓಡಿಸುವುದು ಒಳ್ಳೆಯದು ಎಂಬುದು ಇನ್ನೊಂದು. ಈ ಎರಡನೆಯ ಸಾಲಿನಲ್ಲಿ ‘ರೆಕಮೆಂಡೆಡ್’ ಎಂಬ ಇಂಗ್ಲಿಷ್ ಪದದ ಒಂದು ‘ಡಿ’ ಬಿಟ್ಟುಹೋಗಿತ್ತು. ಬರೆದವರು ಅವಸರದಲ್ಲಿದ್ದಿರಬೇಕು. ಆದರೂ ಕಾಗುಣಿತ ತಪ್ಪಿದ ಆ ಸಾಲು ನಿಜ ಹೇಳುತ್ತಿತ್ತು, ಶುದ್ಧವಾಗಿ ಬರೆದ ಪೆಟ್ಟಿಗೆ ಹೇಳುತ್ತಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವವನಿಗೆ ಇದು ಕಷ್ಟದ ಮಾತು.

‘ಡರ್ಟಿ’ ಎಂದರೆ ಏನು ಹೊಲಸಾಗ್ಯಾದ ಎಂದು ಗುರುಗಳು ಕೇಳಿದರು. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಲೆಕ್ಕದಲ್ಲಿ ಹೇಳಿದೆ. ಬೆಳಿಗ್ಗೆ ಪುಸ್ತಕ ತೆರೆಯುವಾಗ ಶೆಟ್ಟರು ಅಂಚಿನಲ್ಲೊಂದು ಗುರುತು ಹಾಕುತ್ತಾರೆ, ಸಂಜೆ ಮೊತ್ತ ಕೂಡಿಸಿ ಗೆರೆ ಎಳೆದು ಆ ಗುರುತನ್ನು ಅಳಿಸುತ್ತಾರೆ ಅಂತಿಟ್ಟುಕೊಳ್ಳಿ. ಒಂದು ಸಂಜೆ ಗೆರೆ ಎಳೆಯುವ ಮೊದಲೇ ಯಾರೋ ಪುಸ್ತಕ ಕಸಿದುಕೊಂಡು ಹೋದರು. ಪುಸ್ತಕ ಹರಿದಿಲ್ಲ, ಲೆಕ್ಕ ಅಳಿದಿಲ್ಲ, ಗುರುತು ಮಾತ್ರ ಉಳಿದಿದೆ. ಮರುದಿನ ಪುಸ್ತಕ ತೆರೆದವರು, ನಿನ್ನೆಯದು ಮುಗಿದಂತಿಲ್ಲ, ಇದರಲ್ಲಿ ನಾನು ಹೊಸದು ಬರೆಯಲಾರೆ ಎಂದರೆ ಅದು ಎಚ್ಚರಿಕೆ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಈ ಗುರುತು ಒಂದೇ ಒಂದು ಬಿಟ್. ಮೊಮ್ಮಗ ವೈರು ಕಿತ್ತಾಗ ಅದು ಅಳಿಯದೆ ಉಳಿದಿತ್ತು. ಹದಿನಾಲ್ಕು ವರ್ಷದ ಹಾಡುಗಳಿಗೂ ಗುರುಗಳಿಗೂ ನಡುವೆ ನಿಂತದ್ದು ಆ ಒಂದು ಬಿಟ್.

ಇನ್ನು ಸೂಪರ್‌ಬ್ಲಾಕ್. ಅದು ಲಿನಕ್ಸಿನ ತನ್ನದೇ ಕಡತ ವ್ಯವಸ್ಥೆಗಳಲ್ಲಿ ಡಿಸ್ಕಿನ ಮೊದಲ ಭಾಗದಲ್ಲಿ ಇರುವ, ಇಡೀ ಡಿಸ್ಕಿನ ಜಾತಕದಂಥ ತುಣುಕು. ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ಆ ಹೆಸರಿನ ವಸ್ತುವೇ ಇಲ್ಲ. ಅದರದು ಬೂಟ್ ಸೆಕ್ಟರ್, ಅದರದೊಂದು ಪ್ರತಿ ಕೊನೆಯಲ್ಲಿ. ಇಲ್ಲದ ಅಂಗ ಕೆಟ್ಟಿದೆ ಎಂದು ಫಾರ್ಮ್ಯಾಟ್ ಮಾಡಲು ಹೊರಟಂತಾಗಿತ್ತು.

ಕೋಡ್‌ಪೇಜ್ ಎಂಬುದೂ ಈ ಡಿಸ್ಕಿಗೆ ಸಂಬಂಧಪಟ್ಟದ್ದಲ್ಲ. ಅದು ಮುಖ್ಯವಾಗಿ ಹಳೆಯ ಫ್ಯಾಟ್ ವ್ಯವಸ್ಥೆಯ ಕಥೆ, ಪೆನ್‌ಡ್ರೈವ್‌ಗಳಲ್ಲಿ ಇನ್ನೂ ಇರುವಂಥದ್ದು. ಅದರ ಚಿಕ್ಕ ಹೆಸರುಗಳನ್ನು ಓದಲು ಕರ್ನೆಲ್‌ಗೆ ಒಂದು ಅಕ್ಷರಪಟ್ಟಿ ಬೇಕು. ಕರ್ನೆಲ್ ನವೀಕರಿಸಿ ಯಂತ್ರವನ್ನು ಮತ್ತೆ ಶುರು ಮಾಡದೆ ಹಾಗೇ ಬಳಸುತ್ತಿದ್ದರೆ ಕೆಲವು ಲಿನಕ್ಸ್‌ಗಳಲ್ಲಿ ಆ ಪಟ್ಟಿ ಸಿಗದೆ ಪೆನ್‌ಡ್ರೈವ್ ತೆರೆಯದಿರುವುದುಂಟು; ಆಗ ಪೆಟ್ಟಿಗೆಯ ಆ ತುಂಡು ನಿಜವೇ. ಎನ್‌ಟಿಎಫ್‌ಎಸ್ ಹೆಸರುಗಳನ್ನು ಯುನಿಕೋಡಿನಲ್ಲಿಯೇ ಇಡುತ್ತದೆ. ಕನ್ನಡ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇತ್ತು. ‘ನಿಮ್ಮ ಹೆಸರುಗಳಿಂದ ಏನೂ ಆಗಿಲ್ರಿ ಸರ್’ ಎಂದೆ. ಅವರು ಹಾಳೆಯಲ್ಲಿನ ಆ ಪದದ ಮೇಲೆ ಗೆರೆ ಎಳೆದರು.

ಎಚ್ಚರಿಕೆ ಕೊಟ್ಟ ಡ್ರೈವರ್ ಯಾವುದೆಂಬುದನ್ನೂ ಹೇಳಬೇಕು, ಏಕೆಂದರೆ ‘ಮೊದ್ಲು ಇದು ನಡೀತಿತ್ತು’ ಎಂಬ ದೂರನ್ನು ನಾನು ಬಹಳ ಕೇಳಿದ್ದೇನೆ. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್ ಡಿಸ್ಕುಗಳಿಗೆ ಬರೆಯಲು ಬಹುಕಾಲ ನೆಚ್ಚಿಕೊಂಡದ್ದು ‘ಎನ್‌ಟಿಎಫ್‌ಎಸ್-3ಜಿ’. ಅದರ ಮೊದಲ ಸ್ಥಿರ ಆವೃತ್ತಿ 2007ರದು, ಕರ್ನೆಲ್ಲಿನ ಹೊರಗೆ ಓಡುವಂಥದ್ದು. 2021ರ ಕರ್ನೆಲ್ 5.15ರಲ್ಲಿ ‘ಎನ್‌ಟಿಎಫ್‌ಎಸ್3’ ಎಂಬ ಹೊಸದು ಕರ್ನೆಲ್ಲಿನೊಳಗೇ ಬಂತು. ಹೆಸರು ಹೆಚ್ಚುಕಡಿಮೆ ಒಂದೇ, ಸ್ವಭಾವ ಬೇರೆ. ಹಳೆಯದು ಆ ಗುರುತನ್ನು ಕಂಡೂ ಡಿಸ್ಕ್ ತೆರೆದುಕೊಡುತ್ತಿತ್ತು. ಹೊಸದು ಬರೆಯುವುದಕ್ಕೆ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಹೊಸದರ ಹಟವೇ ಸರಿ. ಮುಗಿಯದ ಲೆಕ್ಕದ ಮೇಲೆ ಹೊಸ ಲೆಕ್ಕ ಬರೆಯಬಾರದು. ಆದರೆ ನಿರಾಕರಿಸಿದವರು ಕಾರಣವನ್ನು ಕೇಳಿದವರಿಗೇ ಹೇಳಬೇಕು. 2019ರ ಕರ್ನೆಲ್ 5.2ರಿಂದ ಮೌಂಟ್ ಮಾಡುವ ಹೊಸ ದಾರಿಯೊಂದು ಬಂದಿದೆ. ಅದರಲ್ಲಿ ಸಂಖ್ಯೆಯ ಜೊತೆ ಮಾತನ್ನೂ ಕಳಿಸಬಹುದು. ಆ ಮಾತು ಗುರುಗಳ ಪರದೆಯವರೆಗೆ ಬಂದು ಮುಟ್ಟಿರಲಿಲ್ಲ.

ಬರೆಯಲು ಒಪ್ಪದ ಡ್ರೈವರ್ ಓದಲು ಒಪ್ಪುತ್ತದೆ. ಹಾಗಾಗಿ ‘ಓದಲು ಮಾತ್ರ’ ಎಂದು ಹೇಳಿ ಮೌಂಟ್ ಮಾಡಿದೆ. ಡಿಸ್ಕ್ ತೆರೆಯಿತು. ಫೋಲ್ಡರುಗಳು ಊರಿನ ಹೆಸರಿನಲ್ಲಿ ಸಾಲಾಗಿ ನಿಂತವು. ಗುರುಗಳು ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ‘ಮುಡಬಿದು ತೆಗಿ’ ಎಂದರು. ಒಬ್ಬ ಅಜ್ಜಿಯ ದನಿ ಬಂತು, ಹಿಂದೆ ಬೀಸುಕಲ್ಲಿನ ಗರಗರ. ನಮ್ಮ ಮನೆಯವಳು ಅಡಿಗೆಮನೆಯಿಂದ ಹೊರಗೆ ಬಂದು ನಿಂತಳು.

ದನಿ ಕೇಳಿತೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು, ಆಮೇಲೆಯೇ ಚೆಕ್‌ಡಿಸ್ಕ್ ಇತ್ಯಾದಿ. ನಕಲು ಶುರು ಮಾಡಿ ಚಹಾ ಕುಡಿದು ಬಂದರೆ ಹನ್ನೊಂದು ಫೈಲುಗಳು ಬರಲಿಲ್ಲವೆಂದು ಯಂತ್ರ ಹೇಳುತ್ತಿತ್ತು. ಈ ಸಲದ ಕಾರಣ ನಾಲ್ಕೇ ಪದ, ‘ಫೈಲ್ ಹೆಸರು ಬಹಳ ಉದ್ದ’. ಇದು ಸಂಪೂರ್ಣ ನಿಜವಾಗಿತ್ತು.

ಗುರುಗಳು ಫೈಲಿಗೆ ಹೆಸರಿಡುತ್ತಿರಲಿಲ್ಲ, ಟಿಪ್ಪಣಿ ಬರೆಯುತ್ತಿದ್ದರು. ಊರು, ಹಾಡಿದವರು, ಅವರ ವಯಸ್ಸು, ತವರು ಯಾವುದು, ಹಾಡಿನ ಮೊದಲ ಸಾಲು, ‘ಬೀಸುವಾಗ ಹಾಡಿದ್ದು, ಹೊರಗೆ ಮಳೆ ಇತ್ತು’ ಎಂಬುದರವರೆಗೆ. ಎನ್‌ಟಿಎಫ್‌ಎಸ್ 255 ಯುನಿಕೋಡ್ ಘಟಕಗಳವರೆಗೆ ಒಪ್ಪುತ್ತದೆ. ಲಿನಕ್ಸಿನ ಎಕ್ಸ್ಟ್4 ಕೂಡ 255ರವರೆಗೆ, ಆದರೆ ಅದು ಎಣಿಸುವುದು ಬೈಟುಗಳನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು, ಗುಣಿತದ ಚಿಹ್ನೆಗೂ ಬೇರೆ, ಒತ್ತಕ್ಷರದ ನಡುವೆ ಕೂರುವ ವಿರಾಮಕ್ಕೂ ಬೇರೆ. ‘ಬಸವಕಲ್ಯಾಣ’ ನಮ್ಮ ಕಣ್ಣಿಗೆ ಆರಕ್ಷರ. ಯಂತ್ರಕ್ಕೆ ಒಂಬತ್ತು ಸಂಕೇತ, 27 ಬೈಟು. ಹೀಗಾಗಿ ಬರೀ ಕನ್ನಡದಲ್ಲಿ ಹೆಸರಿಟ್ಟರೆ 85 ಸಂಕೇತಕ್ಕೇ ದಾರಿ ಮುಗಿಯುತ್ತದೆ.

‘ಅಂದ್ರ ಕನ್ನಡದ್ದೇ ತಪ್ಪು ಅಂದಂಗಾತಲ್ಲೋ’ ಎಂದರು ಗುರುಗಳು. ಈ ಬಾರಿ ನಗುತ್ತಿದ್ದರು.

‘ಕನ್ನಡದ್ದಲ್ರಿ ಸರ್, ಅಳತಿ ಪಟ್ಟಿದು.’

ಹೆಸರು ಮೊಟಕು ಮಾಡಲು ಅವರು ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಆ ಹನ್ನೊಂದನ್ನು ‘ಟಾರ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಟ್ಟೆ. ಗಂಟಿನೊಳಗೆ ಹೆಸರು ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಎರಡನೆಯ ನಕಲನ್ನು ಎನ್‌ಟಿಎಫ್‌ಎಸ್ ಡಿಸ್ಕಿಗೇ ಮಾಡಿದೆವು. ಆಮೇಲೆ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಚೆಕ್‌ಡಿಸ್ಕ್ ಓಡಿಸಿದಾಗ ಅದು ಮುಗಿಯಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮಿಂಟಿನಲ್ಲಿ ಡಿಸ್ಕ್ ಏನೂ ಆಗದವರಂತೆ ತೆರೆಯಿತು.

ಬಸವಕಲ್ಯಾಣದಲ್ಲಿ ಕುಳಿತು ಇದನ್ನು ಬರೆಯುವಾಗ ವಿಜ್ಞಾನೇಶ್ವರನ ನೆನಪು ತಪ್ಪಿಸಿಕೊಳ್ಳಲಾಗದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಊರಿನಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ಮೊಕದ್ದಮೆಗಳಲ್ಲಿ ಆ ಹೆಸರು ಇಂದಿಗೂ ಕೇಳುತ್ತೇವೆ. ಅದರ ವ್ಯವಹಾರ ಭಾಗದಲ್ಲಿ ನ್ಯಾಯಸಭೆಯ ಪ್ರಮಾಣಗಳು ಮೂರು, ಬರಹ, ಅನುಭೋಗ, ಸಾಕ್ಷಿ. ಬರಹ ಎಂದಾಕ್ಷಣ ನಂಬುವುದಿಲ್ಲ, ಯಾರು ಬರೆದದ್ದು ಎಂದು ಕೇಳುತ್ತಾರೆ. ಸಾಕ್ಷಿ ಎಂದಾಕ್ಷಣವೂ ಇಲ್ಲ, ಯಾರು ಎಂಥವರು ಎಂದು ನೋಡುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಪಠ್ಯಸಂಪಾದನೆ ಕಲಿಸುವಾಗಲೂ ಇದೇ ಕೆಲಸ, ಓಲೆ ಬರೆದವನು ಮೂಲ ನೋಡಿ ಬರೆದನೋ ಇನ್ನೊಂದು ಪ್ರತಿ ನೋಡಿ ಬರೆದನೋ ಎಂದು ಹುಡುಕುವುದು. ಬೂದು ಪೆಟ್ಟಿಗೆಯ ಮುಂದೆ ಕೂತಾಗ ನನಗೆ ಕೈಕೊಟ್ಟದ್ದು ಕಂಪ್ಯೂಟರ್ ಜ್ಞಾನ, ಕೈಹಿಡಿದದ್ದು ಈ ಅಭ್ಯಾಸ.

ಇಷ್ಟಕ್ಕೇ ಬರೆದು ಮುಗಿಸಿದರೆ, ಆ ವಾಕ್ಯ ಬಂದರೆ ಹೆದರಬೇಡಿ, ಎಲ್ಲ ಸರಿಯಿರುತ್ತದೆ ಎಂದು ಹೇಳಿದಂತಾಗುತ್ತದೆ. ಹಾಗಿಲ್ಲ.

ಗುರುಗಳ ಡಿಸ್ಕಿನ ಸುದ್ದಿ ಹಬ್ಬಿ, ತಿಂಗಳೊಳಗೆ ಹುಮನಾಬಾದಿನ ಫೋಟೋ ಸ್ಟುಡಿಯೋದವರೊಬ್ಬರು 500 ಜಿಬಿಯ ಹಳೆಯ ಡಿಸ್ಕೊಂದನ್ನು ಕಾಲೇಜಿಗೇ ತಂದರು. ಅದರಲ್ಲಿ ಮದುವೆಗಳು, ಜವಳ, ಸೀಮಂತ, ವೀರಭದ್ರೇಶ್ವರ ಜಾತ್ರೆ. ‘ಸರ್, ಸೇಮ್ ಅದೇ ಎರರ್ ರೀ, ಗುರುಗಳದ್ದು ಆರಾಮ್ ಆತಲ್ಲ, ನಂದೂ ಅಷ್ಟು ಮಾಡಿಕೊಡ್ರಿ’ ಎಂದರು. ನೋಡಿದೆ. ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ.

ದಿನಚರಿ ಮಾತ್ರ ಬೇರೆ ಹೇಳಿತು. ಕೊನೆಯ ಸಾಲಿನಲ್ಲಿ, ಎನ್‌ಟಿಎಫ್‌ಎಸ್‌ನ ಮೂಲ ಪಟ್ಟಿಯಾದ ಎಂಎಫ್‌ಟಿ ಓದಲಾಗಲಿಲ್ಲ ಎಂದಿತ್ತು. ಅದರ ಮೇಲೆ, ಪರದೆ ತುಂಬ, ‘ಕ್ರಿಟಿಕಲ್ ಮೀಡಿಯಂ ಎರರ್’, ‘ಅನ್‌ರಿಕವರ್ಡ್ ರೀಡ್ ಎರರ್’ ಎಂಬ ಸಾಲುಗಳು, ಸೆಕ್ಟರ್ ಸಂಖ್ಯೆ ಬದಲಾಗುತ್ತ ಮತ್ತೆ ಮತ್ತೆ. ಕಿವಿ ಹತ್ತಿರ ಇಟ್ಟರೆ ಡಿಸ್ಕಿನೊಳಗೆ ಟಿಕ್, ಟಿಕ್. ಗುರುಗಳದು ಗೆರೆ ಎಳೆಯದ ಖಾತೆ ಪುಸ್ತಕ. ಇದು ಗೆದ್ದಲು ಹಿಡಿದದ್ದು. ಒಂದಕ್ಕೆ ಇಲ್ಲದ ಭಯ ಹುಟ್ಟಿಸಿದ ವಾಕ್ಯವೇ ಇನ್ನೊಂದರ ಕಡೆಗಾಲವನ್ನು ಮುಚ್ಚಿಟ್ಟಿತ್ತು.

ಇಂಥ ಡಿಸ್ಕಿಗೆ ಚೆಕ್‌ಡಿಸ್ಕ್ ಮಾಡಬಾರದು, ಮತ್ತೆ ಮತ್ತೆ ಚುಚ್ಚಿ ತೆಗೆದು ನೋಡಬಾರದು. ಓದಿಸಿದಷ್ಟೂ ಅದು ಸವೆಯುತ್ತದೆ. ತಕ್ಷಣ ಕಿತ್ತು ಬದಿಗಿಟ್ಟು, ಅದಕ್ಕಿಂತ ದೊಡ್ಡ ಹೊಸ ಡಿಸ್ಕ್ ತರಿಸಿದೆ. ‘ಗ್ನೂ ಡಿಡಿರೆಸ್ಕ್ಯೂ’ ಎಂಬ ಪ್ರೋಗ್ರಾಮ್ ಇದೆ. ಅದು ಫೈಲುಗಳ ಗೊಡವೆಗೆ ಹೋಗುವುದಿಲ್ಲ. ಡಿಸ್ಕಿನ ಮೇಲಿನ ಗುರುತುಗಳನ್ನು ಇದ್ದಂತೆ ಎತ್ತಿಕೊಳ್ಳುತ್ತದೆ. ಮೊದಲು ಸಲೀಸಾಗಿ ಸಿಕ್ಕುವುದನ್ನೆಲ್ಲ, ಕೆಟ್ಟ ಜಾಗ ಬಂದರೆ ಹಾರಿ ಮುಂದಕ್ಕೆ, ಆಮೇಲೆ ಬಿಟ್ಟ ಜಾಗಗಳಿಗೆ ಹಿಂದಿರುಗಿ ಅಂಚಿನಿಂದ ಕೆರೆದುಕೊಳ್ಳುತ್ತ. ಎಲ್ಲಿಯವರೆಗೆ ಆಯಿತೆಂದು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟು ಹೋದರೂ ಮತ್ತೆ ಅಲ್ಲಿಂದಲೇ ಶುರು. ನಾಲ್ಕು ರಾತ್ರಿ ಓಡಿತು. ಮೊದಲ ರಾತ್ರಿಯೇ ಬಹುಪಾಲು ಬಂತು, ಉಳಿದ ಮೂರು ರಾತ್ರಿ ಚೂರುಪಾರಿಗೆ. ಐದನೆಯ ದಿನ ಬೆಳಿಗ್ಗೆ ಹಳೆಯ ಡಿಸ್ಕನ್ನು ಯಂತ್ರ ಗುರುತಿಸುವುದನ್ನೇ ಬಿಟ್ಟಿತು.

ಬಂದದ್ದು ನೂರಕ್ಕೆ 96. ಆದರೆ ಹೋದ 4ರಲ್ಲಿ ಎಂಎಫ್‌ಟಿಯ ಹೆಚ್ಚಿನ ಭಾಗ ಇತ್ತು. ಯಾವ ಫೈಲಿನ ಹೆಸರು ಏನು, ಯಾವ ಫೋಲ್ಡರಿನದು ಎಂಬುದೆಲ್ಲ ಇದ್ದದ್ದು ಅದರಲ್ಲೇ. ‘ಫೋಟೋರೆಕ್’ ಎಂಬ ಇನ್ನೊಂದು ಪ್ರೋಗ್ರಾಮಿನಿಂದ ನಕಲನ್ನು ಜಾಲಾಡಿಸಿದೆ. ಅದು ಚಿತ್ರಗಳ ಆರಂಭದ ಗುರುತು ಹಿಡಿದು ಒಂದೊಂದೇ ಹೆಕ್ಕಿ ತೆಗೆಯುತ್ತದೆ, ಹೆಸರು ಮಾತ್ರ ಕೊಡಲಾರದು. ‘ಎಫ್’ ಎಂಬ ಅಕ್ಷರದ ಮುಂದೆ ಉದ್ದನೆಯ ಒಂದು ಸಂಖ್ಯೆ, ಅಷ್ಟೇ. ಸಾವಿರಾರು ಮುಖಗಳು, ಯಾರ ಮುಖಕ್ಕೂ ಹೆಸರಿಲ್ಲ.

ಸ್ಟುಡಿಯೋದವರು ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ವಿಂಗಡಿಸುತ್ತಿದ್ದಾರೆ. ಜಾತ್ರೆಯವು ಸುಲಭ, ತೇರು ಕಂಡರೆ ಸಾಕು. ಮದುವೆಗಳನ್ನು ಪೆಂಡಾಲಿನ ಬಣ್ಣದಿಂದ, ಬ್ಯಾಂಡಿನವರ ಅಂಗಿಯಿಂದ ಗುರುತು ಹಿಡಿಯುತ್ತಾರೆ. ಗೊತ್ತಾಗದಿದ್ದರೆ ಹೆಂಡತಿಯನ್ನು ಕರೆಯುತ್ತಾರೆ, ಅವರಿಗೆ ಸೀರೆಗಳು ನೆನಪಿವೆ. ಮೊನ್ನೆ ಸಂಜೆ ಬಸ್ಸಿಗೆ ಹೊರಟವನನ್ನು ಕೂಗಿ ಕರೆದು ಒಂದು ಫೋಟೋ ತೋರಿಸಿದರು. ಮದುಮಗಳ ಪಕ್ಕ ನಿಂತ ಮುದುಕಿಯ ಮೂಗುತಿಯನ್ನು ದೊಡ್ಡದು ಮಾಡಿ, ‘ಇವ್ರು ಯಾರು ಗೊತ್ತದೇನ್ರಿ ಸರ್?’ ಎಂದರು. ನನಗೆ ಗೊತ್ತಿರಲಿಲ್ಲ. ಮೂಗುತಿ ಭಾಲ್ಕಿ ಕಡೆಯದಿದ್ದಂಗದ ಎಂದು ಹೆಂಡತಿ ಒಳಗಿನಿಂದ ಹೇಳಿದರು. ಅವರು ಅದನ್ನು ಎಳೆದು ‘ಗೊತ್ತಿಲ್ಲದ್ದು’ ಎಂಬ ಫೋಲ್ಡರಿಗೆ ಹಾಕಿ, ಮುಂದಿನದನ್ನು ತೆರೆದರು.